ಮೋಟರಿನಿಂದ ಎತ್ತಿಕೊಂಡ ಶ್ರುತಿ

ಅಮ್ಮ ಆ ಮಾತು ಆಡಿದಳೋ, ನಾನೇ ಆಮೇಲೆ ಅವಳ ಬಾಯಲ್ಲಿಟ್ಟೆನೋ, ಈಗ ಖಚಿತವಾಗಿ ಹೇಳಲಾರೆ. ಅಕ್ಕನನ್ನು ಕೇಳಿದರೆ, "ಅಮ್ಮ ಹಂಗೇನೂ ಅನ್ಲಿಲ್ಲ ಕಣೋ. ಓದ್ದೋನು ನೀನು, ಚೆನ್ನಾಗಿ ಕಟ್ತೀಯ" ಎನ್ನುತ್ತಾಳೆ. ನೆನಪನ್ನು ನಂಬಬಾರದೆಂದು ಎರಡು ವರ್ಷ ಓದಿ ಪರೀಕ್ಷೆ ಪಾಸು ಮಾಡಿದವನು ನಾನು. ಆದರೂ ಬರೆಯುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದೆ. ಸಂಗೀತ ಕಲಿಯದವರ ಕಿವಿ ಸ್ವರವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನಾನು ಆರಿಸಿಕೊಂಡ ವಿಷಯ. ಮೇಷ್ಟರ ಅನುಮತಿ ಪಡೆದು, ವಿಭಾಗದ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಹಾಡಿಸಲು ನನಗೆ ಹೊಳೆದದ್ದು ಅಮ್ಮ.

ನಮ್ಮ ಮನೆಯ ಮುಂದಿನ ಅರ್ಧದಲ್ಲಿ ಎರಡು ಪವರ್‌ಲೂಮು, ಹಿಂದಿನ ಅರ್ಧದಲ್ಲಿ ನಾವು. ಮದುವೆಯಾಗಿ ಬಂದಂದಿನಿಂದ ಅಮ್ಮ ಮಗ್ಗದ ಪಕ್ಕ ಕೂತು ಲಾಳಿಗೆ ನೂಲು ಸುತ್ತುತ್ತಿದ್ದಳು. ಹಾಡುತ್ತಿದ್ದದ್ದೂ ಅಲ್ಲೇ, ಆ ಗಲಾಟೆಯಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ. ಬೀದಿಯ ಭಜನೆಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹಾರ್ಮೋನಿಯಂ ನುಡಿಸುವ ಹಿರಿಯರು ಎಂದೋ ಒಮ್ಮೆ ಎಲ್ಲರೆದುರು, "ತಾಯೀ, ನಿಮ್ಮ ಶ್ರುತಿ ಸೇರಲ್ಲ, ತಾಳ ಹಾಕಿ ಸಾಕು" ಎಂದಿದ್ದರು. ಅಂದಿನಿಂದ ಅಮ್ಮನ ಕೈಯಲ್ಲಿ ತಾಳ.

ಅದೇ ಹಾರ್ಮೋನಿಯಂ ಎರವಲು ಕೇಳಲು ಹೋದಾಗ ಅವರು, "ಏನಪ್ಪಾ, ಅಮ್ಮಂಗೂ ಡಿಗ್ರಿ ಕೊಡುಸ್ತೀಯಾ?" ಎಂದು ನಕ್ಕು ಕೊಟ್ಟರು.

ಅದನ್ನು ಮನೆಗೆ ತಂದು ಕೂತಾಗ ನೂಲೆಳೆ ಕಡಿದುಹೋಗಿ ಅಪ್ಪ ಮಗ್ಗ ನಿಲ್ಲಿಸಿದ. ಮೋಟರು ಮಾತ್ರ ಗುಂಯ್ ಎನ್ನುತ್ತಿತ್ತು. ಅಮ್ಮ ಹಾಡಿದಳು, ಟೇಪು ತಿರುಗಿತು. ನಾನು ಹಾರ್ಮೋನಿಯಂ ಮನೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಅವಳ ಷಡ್ಜ ಒಂದು ಬಿಳಿ ಮನೆಗೂ ಅದರ ಪಕ್ಕದ ಕಪ್ಪು ಮನೆಗೂ ನಡುವೆ ಎಲ್ಲೋ ಇತ್ತು. ಯಾವುದಕ್ಕೂ ಸೇರಲಿಲ್ಲ.

"ಏನ್ ಬರ್ಕೊಂಡೆ?" ಎಂದಳು.

"ಶ್ರುತಿ ಸೇರಲ್ಲ ಅಂತ."

"ಅಷ್ಟು ಹೇಳಕ್ಕೆ ಬೆಂಗ್ಳೂರಿಂದ ಬಂದ್ಯಾ?" ಎಂದು ಮತ್ತೆ ನೂಲಿಗೆ ಕೈ ಹಾಕಿದಳು. ಆಮೇಲೆ ಅಂದು ಹಾಡಲಿಲ್ಲ. ಇದು ಮಾತ್ರ ನನಗೂ ಅಕ್ಕನಿಗೂ ಒಂದೇ ರೀತಿ ನೆನಪಿದೆ.

ಮೇಷ್ಟರು ನನ್ನ ನೋಟ್‌ಬುಕ್ ನೋಡಿ, ಒಂದೇ ದಿನದ ಅಳತೆಯಿಂದ ತೀರ್ಪು ಕೊಟ್ಟಿದ್ದಕ್ಕೆ ಬೈದರು. ನಾಲ್ಕು ಭಾನುವಾರ ಊರಿಗೆ ಹೋಗಿ ಬೇಡಿಕೊಂಡು ಹಾಡಿಸಿದೆ. ನಾಲ್ಕು ಸಲವೂ ಅದೇ ಜಾಗ, ಬಿಳಿಗೂ ಕಪ್ಪಿಗೂ ನಡುವೆ. ಶ್ರುತಿಯೇ ಇಲ್ಲದವಳು ದಿನಕ್ಕೊಂದು ಕಡೆ ಅಲೆಯಬೇಕಿತ್ತು. ಇವಳು ಕದಲಲೇ ಇಲ್ಲ.

ಐದನೆಯ ಭಾನುವಾರ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಮೌನವಾಯಿತು. ಹಾಡು ಎಂದೆ. ಅಮ್ಮ ಬಾಯಿ ತೆರೆದು ಹಾಗೇ ಕೂತಳು. ಆಗಲೇ ಆ ಮಾತು:

"ಮೋಟ್ರು ನಿಂತೋಯ್ತಲ್ಲ ಮಗಾ, ಎಲ್ಲಿಂದ ಎತ್ಕೊಳ್ಳಾದು?"

ಆಡಿದಳೆಂದೇ ನನ್ನ ನೆನಪು. ಹಾಡದೆ ಕೂತದ್ದನ್ನಂತೂ ಅಕ್ಕನೂ ಒಪ್ಪುತ್ತಾಳೆ. ಇಷ್ಟು ವರ್ಷ ಅವಳಿಗೆ ಶ್ರುತಿ ಕೊಟ್ಟದ್ದು ಮೋಟರು. ಆ ಮೋಟರಿನ ಸ್ವರಕ್ಕೆ ಹಾರ್ಮೋನಿಯಂನಲ್ಲಿ ಮನೆಯೇ ಇರಲಿಲ್ಲ.

"ಅಮ್ಮ, ತಪ್ಪು ನಿಂದಲ್ಲ, ಹಾರ್ಮೋನಿಯಂ ಪೆಟ್ಟಿಗೇದು" ಎಂದೆ.

"ಹಂಗಾರೆ ಪೆಟ್ಟಿಗೆಗೇ ಹೇಳು, ತಾಳ ಹಾಕು ಅಂತ."

ಮುಂದಿನ ಶನಿವಾರ ಸಂಜೆ ಭಜನೆಮನೆಗೆ ನಾನೂ ಹೋದೆ. ಪಕ್ಕದ ಮನೆಯ ಮೋಟರಿನ ಅದೇ ಗುಂಯ್ ಸದ್ದು ಗೋಡೆ ದಾಟಿ ಬರುತ್ತಿತ್ತು. ಅಮ್ಮ ತಾಳವನ್ನು ಅಕ್ಕನ ಕೈಗೆ ಕೊಟ್ಟು, ಗೋಡೆಗೆ ಒರಗಿ ಕೂತು ಹಾಡಿದಳು. ಹಿರಿಯರು ಹಾರ್ಮೋನಿಯಂನಿಂದ ಕೈ ತೆಗೆದು ಸುಮ್ಮನೆ ಕೇಳಿದರೆಂದು ನನ್ನ ನೆನಪು. ಅವರು ಎಲೆಯಡಿಕೆ ಉಗಿಯಲು ಎದ್ದು ಹೋಗಿದ್ದರೆಂದು ಅಕ್ಕ. ಏನೇ ಇರಲಿ, ಅಮ್ಮ ಹಾಡನ್ನು ಕೊನೆಮುಟ್ಟಿಸಿದಳು. ಹಿಂದಿರುಗುವಾಗ ಬೀದಿಯಲ್ಲಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು, ಕತ್ತಲಿಗೋ ಇನ್ನೇತಕ್ಕೋ.

ಇವೆಲ್ಲ ನನ್ನ ಓದು ನನ್ನಿಂದ ಕಟ್ಟಿಸಿದ ಕತೆಯಿರಬಹುದೆಂಬ ಅನುಮಾನ ಬಹುಕಾಲ ಕಾಡಿತು. ಅಮ್ಮ ಹೋದ ಎಷ್ಟೋ ವರ್ಷಗಳ ಮೇಲೆ ಆ ಮೊದಲ ದಿನದ ಟೇಪು ಸಿಕ್ಕಿತು. ಅಮ್ಮನ ದನಿ, ಅದರ ಹಿಂದೆ ಮೋಟರು. ಎರಡೂ ಒಂದೇ ಟೇಪಿನಲ್ಲಿರುವುದರಿಂದ ಟೇಪಿನ ವೇಗ ಏರುಪೇರಾಗಿದ್ದರೂ ಅವುಗಳ ಸಂಬಂಧ ಕೆಡುವುದಿಲ್ಲ. ಸ್ವರ ಅಳೆಯುವ ಯಂತ್ರದಲ್ಲಿ ಮೂರು ಸಲ ಅಳೆದೆ. ಅಮ್ಮನ ಷಡ್ಜ ಮೋಟರಿನದೇ ಸ್ವರ, ಸರಿಯಾಗಿ ಒಂದು ಸ್ಥಾಯಿ ಮೇಲೆ.