ದೊಡ್ಡಪ್ಪನ ಹೆಸರು ಮತ್ತು ಮೂರು ಮಿಲಿಮೀಟರ್

ತಂಗಿಯ ಮದುವೆ ಕಾರ್ಡನ್ನು ನಾನೇ ಲ್ಯಾಪ್‌ಟಾಪಿನಲ್ಲಿ ಮಾಡಿದೆ. ಎಂ.ಎ. ಓದಿದವನಿಗೆ ಒಂದು ಕಾರ್ಡು ಮಾಡಲು ಬರುವುದಿಲ್ಲವೇ ಎಂಬ ಧಿಮಾಕು. ಕೆಳಗೆ ಇಳಕಲ್ ಸೀರೆಯ ಕೆಂಪು ದಡಿಯನ್ನು ಅಂಚಿನವರೆಗೂ ಎಳೆದು, ಅದರ ಮೇಲೆ ಬಿಳಿ ಅಕ್ಷರದಲ್ಲಿ ದೊಡ್ಡಪ್ಪನ ಹೆಸರು ಕೂರಿಸಿದೆ. ಗುಡೂರಿನಿಂದ ಅವರು ಮೂರು ಸಲ ಫೋನ್ ಮಾಡಿದ್ದರು: "ನನ್ನ ಹೆಸರು ಎಲ್ಲಾರಕಿಂತ ಬ್ಯಾರೆ ಕಾಣಬೇಕು ನೋಡಪಾ."

ನಮ್ಮಲ್ಲಿ ಮೊದಲ ಕಾರ್ಡು ತುಳಸಿಗೇರಿ ಹನುಮಪ್ಪ ದೇವರಿಗೆ. ಒಯ್ಯುವವರು ಮನೆತನದ ಹಿರಿಯರು, ಅಂದರೆ ದೊಡ್ಡಪ್ಪ. ಹಿಂದೊಮ್ಮೆ ಯಾರದೋ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದ್ದಕ್ಕೆ ಅವರು ಆ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ತಂಗಿಯೋ ಅವರ ಹೆಗಲ ಮೇಲೆ ಬೆಳೆದವಳು. ಅವರು ಮದುವೆಗೆ ಬಾರದಿದ್ದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇಳಕಲ್ಲಿನ ಪ್ರೆಸ್ಸಿನ ಸಾಹೇಬರು ಫೈಲು ತೆರೆಯುವ ಮೊದಲೇ ಕೇಳಿದರು: "ಬ್ಲೀಡ್ ಬಿಟ್ಟೀರೇನ್ರಿ ಸರ?"

"ಬಿಟ್ಟೇನ್ರಿ," ಎಂದೆ. ಅದೇನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಿರಲಿಲ್ಲ. ಪ್ರೂಫ್ ಕತ್ತರಿಸದ ಹಾಳೆಯಲ್ಲಿತ್ತು, ಹೆಸರು ಪೂರ್ತಿ ಕಂಡಿತು. ಸಹಿ ಹಾಕಿದೆ.

ಬ್ಲೀಡ್ ಎಂದರೆ ಕತ್ತರಿಸುವ ಗೆರೆಯ ಆಚೆಗೂ ಬಣ್ಣವನ್ನು ಮೂರು ಮಿಲಿಮೀಟರ್ ಚಾಚಿ ಬಿಡುವುದು. ಬಿಡದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ನಾನು ಬಿಟ್ಟಿರಲಿಲ್ಲವಾದ್ದರಿಂದ ಕಟಿಂಗ್ ಮಷೀನಿನವನು ಬಿಳಿ ಗೆರೆ ಕಾಣದಿರಲೆಂದು ಮೂರು ಮಿಲಿಮೀಟರ್ ಒಳಗೆ ಸರಿದು ಕತ್ತರಿಸಿದ. ಬ್ಲೇಡು ಒಮ್ಮೆ ಇಳಿದರೆ ಇಡೀ ಕಟ್ಟು ಮುಗಿಯಿತು.

ಸಾಹೇಬರು ಒಂದು ಕಾರ್ಡು ಎತ್ತಿ ನೋಡಿದರು. "ಸರ, ನಿಮ್ಮ ದೊಡ್ಡಪ್ಪಾರು ಸೊಂಟದ ಕೆಳಗ ಹ್ವಾದ್ರು."

ಹೆಸರಿನ ಕೆಳಗಿನ ಅರ್ಧ ನೆಲದ ಮೇಲೆ ಕೆಂಪು ಪಟ್ಟಿಗಳಾಗಿ ಬಿದ್ದಿತ್ತು. ಆ ದಪ್ಪದ ಹಾಳೆ ಬಾಗಲಕೋಟೆಯಿಂದ ಮತ್ತೆ ಬರಲು ಎರಡು ದಿನ ಬೇಕು. ಅಷ್ಟರಲ್ಲಿ ದೊಡ್ಡಪ್ಪನ ಫೋನು: "ಬಸ್ ಸ್ಟ್ಯಾಂಡಿಗೆ ಇಳದೇನಿ. ಕಾರ್ಡು ತಯಾರ ಇಡು, ಹಂಗ ತುಳಸಿಗೇರಿಗೆ ಹೋಗ್ತೇನಿ."

ಕತ್ತರಿಸದೆ ಉಳಿದದ್ದು ಐವತ್ತು ಹಾಳೆ. ಅವನ್ನೇ ಅಂಚು ಸಮೇತ ಹಾಗೇ ಮಡಚಿ ಜೋಡಿಸಿದೆವು.

ದೊಡ್ಡಪ್ಪ ಬಂದು ಕುರ್ಚಿಯಲ್ಲಿ ಕುಳಿತು ಕಾರ್ಡು ತಿರುವಿದರು. "ಮೂಲ್ಯಾಗ ಈ ಗೆರಿ ಯಾತರದ್ದು?"

ಅವು ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕ್ರಾಪ್ ಮಾರ್ಕುಗಳು. ಸಾಹೇಬರು ರೆಪ್ಪೆ ಮಿಟುಕಿಸಲಿಲ್ಲ. "ಹಿರ್‍ಯಾರ ಕಾರ್ಡಿಗೆ ಅಷ್ಟ ಹಾಕ್ತೇವ್ರಿ, ಯಜಮಾನ್ರ."

"ಈ ಬಣ್ಣದ ಚುಕ್ಕಿ?"

"ನಾಕು ಬಣ್ಣದಾಗ ಅಚ್ಚಾಗೇತಿ ಅಂತ ಗುರ್ತು, ದೊಡ್ಡಪ್ಪ," ಎಂದೆ ನಾನು. ಅಂದು ಪ್ರೆಸ್ಸಿನಲ್ಲಿ ನಾನು ಹೇಳಿದ ಒಂದೇ ಸತ್ಯ.

ಅವರು ಐವತ್ತನ್ನೂ ಬಗಲಲ್ಲಿಟ್ಟುಕೊಂಡು ಹೋದರು. ಒಂದು ಹನುಮಪ್ಪನಿಗೆ, ಉಳಿದದ್ದು ಗುಡೂರಿಗೆ. ಮಿಕ್ಕವರಿಗೆ ಎರಡು ದಿನದ ನಂತರ, ಹೆಸರನ್ನು ಒಳಗೆ ಸರಿಸಿ, ಸರಿಯಾಗಿ ಕತ್ತರಿಸಿದ ಕಾರ್ಡು ಹೋಯಿತು. ವಾರದೊಳಗೆ ಬಾದಾಮಿಯ ಅತ್ತೆಯ ಫೋನು: "ನಮ್ಮ ಕಾರ್ಡಿಗೆ ಚುಕ್ಕಿ ಯಾಕಿಲ್ಲ? ಗುಡೂರಿನವ್ರಷ್ಟ ಮಂದೀನ?"

ದೊಡ್ಡಪ್ಪ ಮದುವೆಗೆ ಹಿಂದಿನ ದಿನವೇ ಬಂದು ಅಡುಗೆಯವರಿಗೆಲ್ಲ ಗದರಿದರು. ತಂಗಿ ನಕ್ಕಳು.

ಆ ಹೆಸರನ್ನು ಅಷ್ಟು ಅಂಚಿಗೆ ಇಟ್ಟದ್ದು ಅಜ್ಞಾನವೋ, ಮೂರು ಫೋನುಗಳ ಸೇಡೋ, ಈಗ ಹೇಳಲಾರೆ. ಡೈರಿಯಲ್ಲಿ ಆ ದಿನ "ಕಾರ್ಡು ಆಯಿತು" ಎಂದಷ್ಟೇ ಇದೆ. ಬೇಕೆಂದೇ ಅಷ್ಟು ಬರೆದೆನೇನೋ.

ಹೋದ ತಿಂಗಳು ದೊಡ್ಡಪ್ಪನ ಮೊಮ್ಮಗಳ ಮದುವೆ ಗೊತ್ತಾಯಿತು. ಕಾರ್ಡು ನೀನೇ ಮಾಡು ಎಂದು ಕರೆಸಿಕೊಂಡರು. ನಾನು ಲ್ಯಾಪ್‌ಟಾಪ್ ತೆರೆಯುವಾಗ ಅವರು ಟ್ರಂಕಿನಿಂದ ಹಳೆಯ ಪಂಚಾಂಗ ತೆಗೆದು, ಅದರ ನಡುವಿನಿಂದ ಒಂದು ಕೆಂಪು ಕಾಗದದ ಪಟ್ಟಿಯನ್ನು ಎತ್ತಿ ನನ್ನ ಮುಂದಿಟ್ಟರು. ಅದರ ಮೇಲೆ ಅವರ ಹೆಸರಿನ ಕೆಳಗಿನ ಅರ್ಧ.

"ಅವತ್ತ ಕುರ್ಚಿ ಕೆಳಗ ಸಿಕ್ಕಿತ್ತು," ಎಂದರು. "ಈ ಸಲ ಹೆಸರು ಒಳಗ ಹಾಕಪಾ. ಚುಕ್ಕಿ ಮಾತ್ರ ಇರಲಿ."