ತಿರುಗಿ ಸುರಿದ ಉಡಿಯಕ್ಕಿ

ಕೊರೊನಾ ಕಾಲದ ಗದ್ದಲ ಅಡಗಿ, ಹೊರದೇಶದವರು ಮತ್ತೆ ನಮ್ಮ ಕಡೆ ಬರಲು ಶುರುಮಾಡಿದ ವರ್ಷವದು. ಆಗ ನಾನು ಸಿಂಧನೂರಿನ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮಸ್ಕಿ ಕಡೆಯ ಕ್ರೈಸ್ತ ಮನೆತನದವಳು ನಾನು. ಹುಟ್ಟಿದ್ದು, ಬೆಳೆದದ್ದು, ಜಗಳಾಡಿದ್ದು ಎಲ್ಲ ಈ ಸೀಮೆಯಲ್ಲೇ. ಈ ಭಾಗದ ಜನರ ಕೈಕಾಲು ಮಾತ್ರವಲ್ಲ, ಅವರ ಮನಸ್ಸೂ ನನಗೆ ಗೊತ್ತು ಎಂಬ ಗರ್ವ ನನಗಿತ್ತು. ಆ ಗರ್ವ ಇಳಿದದ್ದು ಹೇಗೆಂದು ಹೇಳುತ್ತೇನೆ. ಇಳಿಸಿಕೊಳ್ಳಲು ಒಂದು ಕೂಸಿನ ಕಾಲು ಬಲಿಯಾಗಬೇಕಾಯಿತಲ್ಲ ಎಂಬುದೇ ನನ್ನ ಸಂಕಟ.

ಆ ಕೂಸಿನ ಹೆಸರು ಭಾಗ್ಯ. ವಳಕಮದಿನ್ನಿಯ ಹನಮವ್ವನ ಮೊಮ್ಮಗಳು. ಮಗಳು ರೇಣುಕಾ ಬಾಣಂತನಕ್ಕೆಂದು ತವರಿಗೆ ಬಂದು ಹೆತ್ತ ಮೊದಲ ಕೂಸು. ಹುಟ್ಟುವಾಗಲೇ ಎರಡೂ ಪಾದ ಒಳಕ್ಕೆ ಮಡಚಿಕೊಂಡಿದ್ದವು. ಇದಕ್ಕೆ ಕ್ಲಬ್ ಫೂಟ್ ಎನ್ನುತ್ತೇವೆ. ಕೂಸಿನ ಎಲುಬು ಮೆತ್ತಗಿರುವಾಗಲೇ ಪಾದವನ್ನು ಕೈಯಿಂದ ಸ್ವಲ್ಪ ಹೊರಕ್ಕೆ ತಿರುಗಿಸಿ, ಹಾಗೆಯೇ ನಿಲ್ಲುವಂತೆ ತೊಡೆಯವರೆಗೆ ಪ್ಲಾಸ್ಟರ್ ಹಾಕಬೇಕು. ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಇನ್ನಷ್ಟು ತಿರುಗಿಸಿ, ಮತ್ತೆ ಹಾಕಬೇಕು. ಹೀಗೆ ಕೆಲವು ವಾರ ನಡೆದರೆ ಹೆಚ್ಚಿನ ಮಕ್ಕಳ ಪಾದ ನೆಟ್ಟಗಾಗುತ್ತದೆ. ನಡುವೆ ಬಿಟ್ಟರೆ ಮಾತ್ರ ಕಾಲು ತನ್ನ ಹಳೇ ಚಾಳಿಗೆ ಬೀಳುತ್ತದೆ.

ಹನಮವ್ವ ಗದ್ದೆ ನಾಟಿಗೆ ಹೋಗುವ ಹೆಣ್ಣುಮಗಳು. ಪ್ರತಿ ಬುಧವಾರ ಕೂಲಿ ಬಿಟ್ಟು ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬರುತ್ತಿದ್ದಳು.

"ನಮ್ಮ ಕೂಸು ನಡೀತೈತೇನ್ರೀ ಅಕ್ಕಾರ?" ಎಂದು ಮೊದಲ ದಿನವೇ ಕೇಳಿದಳು.

"ನೀ ವಾರ ತಪ್ಪಿಸಬ್ಯಾಡ ಹನಮವ್ವ, ಓಡಿಸಿ ತೋರಿಸ್ತೀನಿ" ಎಂದೆ. ಬಾಯಿ ತುಂಬ ಹೇಳಿದ ಮಾತು ಅದು.

ಅವಳು ಒಂದು ವಾರವೂ ತಪ್ಪಿಸಲಿಲ್ಲ. ಪಾದಗಳು ನಮ್ಮ ಕೈ ಮಾತು ಕೇಳುತ್ತಿದ್ದವು.

ಅಷ್ಟರಲ್ಲಿ ಕೊರಿಯಾದಿಂದ ಫಿಸಿಯೋಥೆರಪಿ ಓದುವ ವಿದ್ಯಾರ್ಥಿಗಳ ತಂಡ ಬಂತು. ಅವರ ಕಡೆ ಇದಕ್ಕೆ ಮಿಷನ್ ಟ್ರಿಪ್ ಎನ್ನುತ್ತಾರೆ. ರಜೆಯಲ್ಲಿ ಎರಡು ವಾರ ಪರದೇಶಕ್ಕೆ ಹೋಗಿ ಸೇವೆ ಮಾಡಿ ಬರುವುದು. ಬೋಧನೆ, ಪ್ರಚಾರ ಏನಿಲ್ಲ, ಬರೀ ಕೆಲಸ. ಇಂಗ್ಲಿಷ್ ಬರುತ್ತದೆಂದು ನನ್ನನ್ನೇ ಜೊತೆಗೆ ಹಾಕಿದರು. ಮಸ್ಕಿಯಲ್ಲಿ ಒಂದು ಶಾಲೆಯ ಗೋಡೆಗೆ ಬಣ್ಣ ಬಳಿದರು, ಗೋಡೆಗಿಂತ ಮೈಗೇ ಹೆಚ್ಚು ಬಳಿದುಕೊಂಡರು. ಲಿಂಗಸುಗೂರಿನ ಹಾಸ್ಟೆಲ್ಲಿನಲ್ಲಿ ನಮ್ಮ ಹುಡುಗಿಯರೊಡನೆ ಕುಂಟಬಿಲ್ಲೆ ಆಡಿ ಸೋತು, ನಕ್ಕು ನಕ್ಕು ನೆಲಕ್ಕೆ ಬಿದ್ದರು. ಅವರ ಗುರು ಕಿಮ್ ಸರ್ ಮಿತಭಾಷಿ. "ಕೊಡುವುದನ್ನು ಕಲಿಯಲು ಬಂದಿದ್ದೇವೆ" ಎಂದು ಮೊದಲ ದಿನದ ಪ್ರಾರ್ಥನೆಯಲ್ಲಿ ಹೇಳಿದ್ದರು. ನಾನೂ ಆಮೆನ್ ಅಂದಿದ್ದೆ.

ಆ ತಂಡದಲ್ಲಿ ಮಿಂಜಿ ಎಂಬ ಹುಡುಗಿ ಇದ್ದಳು. ಬುಧವಾರ ಭಾಗ್ಯಳಿಗೆ ಪ್ಲಾಸ್ಟರ್ ಹಾಕುವಾಗ ಅವಳೇ ಕಾಲು ಹಿಡಿದದ್ದು. ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು. ಪ್ಲಾಸ್ಟರ್ ಎಂದರೆ ಚೀರಿಕೊಳ್ಳುವ ಕೂಸು ಆ ಹೊತ್ತು ಬಾಯಿ ತೆರೆದು ಅವಳ ಮುಖವನ್ನೇ ನೋಡುತ್ತಿತ್ತು. "ಅವ್ವಾ, ಎಷ್ಟ ಚೆಂದ ಹಿಡಿದಾಳ ನೋಡ" ಎಂದು ಹನಮವ್ವ ಹಿಗ್ಗಿದಳು. "ಶನಿವಾರ ನಮ್ಮನಿಗೆ ಕರಕೊಂಡು ಬರ್ರಿ ಅಕ್ಕಾರ. ಬರೂದ ಇಲ್ಲ ಅನ್ನಬ್ಯಾಡ್ರಿ ಮತ್ತ."

ಶನಿವಾರ ಹೋದೆವು. ನಾಟಿಯ ಭರಾಟೆಯ ದಿನಗಳು, ಊರಿಗೆ ಊರೇ ಗದ್ದೆಯಲ್ಲಿತ್ತು. ಹನಮವ್ವ ಮಾತ್ರ ನಮಗಾಗಿ ಮನೆಯಲ್ಲಿದ್ದಳು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ಚಹಾ ಆಯಿತು, ಮಂಡಾಳ ಒಗ್ಗರಣೆ ಆಯಿತು. ಹೊರಡಲು ಎದ್ದಾಗ ಅವಳು ಒಳಗಿನಿಂದ ಮೊರ ಹಿಡಿದು ಬಂದಳು. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ, ಹಸಿರು ಕುಬಸದ ಖಣ. ಮಿಂಜಿಗೆ ಉಡಿ ತುಂಬಲು ಸಿದ್ಧಳಾಗಿದ್ದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂದು ನಮ್ಮ ಕಡೆ ಸೆರಗಿಗೆ ಅಕ್ಕಿ ಹಾಕಿ ಹರಸುತ್ತಾರೆ. ತೆಗೆದುಕೊಂಡವಳು ಅದರಲ್ಲೇ ನಾಲ್ಕು ಕಾಳು ತಿರುಗಿ ಮೊರಕ್ಕೆ ಹಾಕುತ್ತಾಳೆ, ಕೊಟ್ಟ ಮನೆಯೂ ತುಂಬಿರಲಿ ಎಂದು.

ಮಿಂಜಿಗೆ ಯಾರೂ ಏನೂ ಹೇಳಿಕೊಡಲಿಲ್ಲ. ಕೊರಳಿನ ವಸ್ತ್ರ ಬಿಚ್ಚಿ, ಎರಡೂ ಕೈಯಿಂದ ಒಡ್ಡಿ, ನಡು ಬಗ್ಗಿಸಿ ನಿಂತಳು. ಹನಮವ್ವ ಅವಳ ಹಣೆಗೆ ಕುಂಕುಮವಿಟ್ಟು, "ನನ್ನ ಮೊಮ್ಮಗಳ ಕಾಲು ನೆಟ್ಟಗಾಗಲಿ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ಉಡಿ ತುಂಬಿದಳು.

ಬಾಗಿಲಲ್ಲಿ ಕಿಮ್ ಸರ್ ಕ್ಯಾಮೆರಾ ಹಿಡಿದು ನಿಂತಿದ್ದರು. ಆ ಕುಂಕುಮ, ಆ ಕ್ಯಾಮೆರಾ ಎರಡನ್ನೂ ಒಟ್ಟಿಗೆ ಕಂಡೊಡನೆ ನಾನು ಅಂಜಿದೆ. ಈ ಚಿತ್ರ ಅವರ ಚರ್ಚಿಗೆ ಹೋದರೆ? ಇಲ್ಲಿನ ಕ್ರೈಸ್ತರು ಹೆಸರಿಗಷ್ಟೇ ಎಂದುಕೊಂಡರೆ? ನಮ್ಮವ್ವ ಬದುಕಿರುವತನಕ ಓಣಿಯವರು ಕೊಟ್ಟ ಉಡಿಯನ್ನು ನಗುನಗುತ್ತ ಒಡ್ಡಿ ತರುತ್ತಿದ್ದಳು, ಆ ಅಕ್ಕಿಯ ಅನ್ನ ಉಂಡೇ ನಾನು ಬೆಳೆದದ್ದು. ಅದೊಂದೂ ನೆನಪಾಗಲಿಲ್ಲ. ನಾನು ಮುಂದೆ ಹೋಗಿ, ಮಿಂಜಿಯ ಕೈಯಿಂದ ವಸ್ತ್ರ ತೆಗೆದುಕೊಂಡು, ಅಕ್ಕಿಯನ್ನೆಲ್ಲ ತಿರುಗಿ ಮೊರಕ್ಕೆ ಸುರಿದೆ.

"ಇದು ಪೂಜಾದ ಸಾಮಾನು ಹನಮವ್ವ. ಇವರು ಇದನ್ನ ತಗೊಳ್ಳೂದಿಲ್ಲ."

"ಅಕ್ಕಾ, ಯಾಕೆ?" ಎಂದಳು ಮಿಂಜಿ ಇಂಗ್ಲಿಷಿನಲ್ಲಿ. ಆಮೇಲೆ ಹೇಳುತ್ತೇನೆಂದು ಗದರಿದೆ. ರೇಣುಕಾ ಕೂಸನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು. ಹನಮವ್ವ ಮೊರವನ್ನೇ ನೋಡುತ್ತ ನಿಂತಿದ್ದಳು.

"ಆಗಲ್ರೀ" ಎಂದಳು, ಅಷ್ಟೇ.

ಮುಂದಿನ ಬುಧವಾರ ಅವರು ಬರಲಿಲ್ಲ. ನಾಟಿ ಕೆಲಸ, ಕೂಲಿ ಬಿಡಲಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಸಂಜೆ ಮಿಂಜಿ ಬಂದು, "ಕೂಸು ಯಾಕೆ ಬರಲಿಲ್ಲ? ಆ ಅಕ್ಕಿಯ ಅರ್ಥವೇನು?" ಎಂದು ಕೇಳಿದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಲ್ಲ ಹೇಳಿದೆ.

ಅವಳ ಕಣ್ಣು ತುಂಬಿತು. "ನಮ್ಮ ಅಜ್ಜಿಯೂ ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದೆಂದು ನನಗೆ ಆಗಲೇ ಅರ್ಥವಾಗಿತ್ತು. ನೀವು ಯಾಕೆ ಹಾಗೆ ಮಾಡಿದಿರಿ?" ಎಂದಳು.

"ನಿಮ್ಮ ಸರ್ ಏನೆಂದುಕೊಳ್ಳುತ್ತಾರೋ ಎಂದು" ಎಂದೆ.

ಕಿಮ್ ಸರ್ ಅಲ್ಲೇ ಕುಳಿತಿದ್ದರು. "ನಮ್ಮ ಊರಿನಲ್ಲಿಯೂ ನಾವು ಕೆಲವು ಹಳೆಯ ಪದ್ಧತಿ ಬಿಟ್ಟಿದ್ದೇವೆ. ಆದರೆ ಮುದುಕಿ ಕೊಟ್ಟ ಅಕ್ಕಿಯನ್ನು ಬೇಡ ಎನ್ನುವಷ್ಟು ದೊಡ್ಡವರಾಗಿಲ್ಲ" ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ. ಬೇಡ ಎಂದವರು ಯಾರೂ ಇರಲಿಲ್ಲ.

ಮರುದಿನವೇ ಮಿಂಜಿಯನ್ನು ಕರೆದುಕೊಂಡು ವಳಕಮದಿನ್ನಿಗೆ ಹೋದೆ. ಹನಮವ್ವ ಹೆಂಗಸರ ಸಾಲಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದಳು. ರೇಣುಕಾ ಬದುವಿನ ಬೇವಿನ ಗಿಡದ ಕೆಳಗೆ ಕೂಸಿನೊಡನೆ ಕುಳಿತಿದ್ದಳು. ಭಾಗ್ಯಳ ಕಾಲಲ್ಲಿ ಪ್ಲಾಸ್ಟರ್ ಇರಲಿಲ್ಲ. ಕಾಲುವೆ ನೀರಲ್ಲಿ ನೆನೆಸಿ ಬಿಚ್ಚಿ ಹಾಕಿದ್ದರು. ಪಾದ ಹಿಡಿದು ನೋಡಿದೆ. ನಾವು ಹೊರಕ್ಕೆ ತಂದದ್ದು ಆಗಲೇ ಒಳಕ್ಕೆ ಹೊರಳತೊಡಗಿತ್ತು.

ಹನಮವ್ವ ಕೆಸರುಗೈಯಲ್ಲೇ ಬದುವಿಗೆ ಬಂದಳು.

"ತಪ್ಪಾತು ಹನಮವ್ವ. ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲೆ ಹಾಕಬ್ಯಾಡ" ಎಂದೆ.

"ಸಿಟ್ಟು ಯಾಕ್ರೀ? ನಾವು ಬಡವರು, ನಮಗೆಲ್ಲಿ ಸಿಟ್ಟು?" ಎಂದಳು. ಆ ಮೇಲೆ ದನಿ ಏರಿತು. "ನಿಮ್ಮ ಸಿಮೆಂಟ್ ಪಟ್ಟಿ ನಾವು ತಗೋಬೇಕು, ನಿಮ್ಮ ಗುಳಿಗಿ ತಗೋಬೇಕು, ನಿಮ್ಮ ಬುದ್ಧಿಮಾತು ತಗೋಬೇಕು. ನಮ್ಮ ಒಂದು ಹಿಡಿ ಅಕ್ಕಿ ನಿಮಗ ಮೈಲಿಗಿ ಏನ್ರೀ? ನಾವು ಬರೇ ಕೈ ಒಡ್ಡೂ ಮಂದಿ ಏನು? ಕೂಸಿನ ಕಾಲಿಗಂತ ತುಂಬಿದ ಉಡಿ ತಿರುಗಿ ಸುರುವಿದ್ರಿ. ಅಂಥ ಕೈಯಿಂದ ನನ್ನ ಕೂಸಿಗೆ ಒಳ್ಳೇದಾಗತೈತೇನು? ನನಗ ಅಂಜಿಕಿ ಬರತೈತಿ."

ಮಿಂಜಿ ಕೊರಳಿನ ಅದೇ ವಸ್ತ್ರ ಬಿಚ್ಚಿ, ಎರಡೂ ಕೈಯಿಂದ ಒಡ್ಡಿ, ಬದುವಿನ ಮೇಲೆ ಮೊಣಕಾಲೂರಿದಳು. ಸಾಲಿನ ಹೆಂಗಸರೆಲ್ಲ ನಾಟಿ ನಿಲ್ಲಿಸಿ ನೋಡಿದರು.

"ಏಳ ನನ್ನವ್ವ, ಉಡಿ ಬೇಡಿ ತಗೊಳ್ಳೂದಲ್ಲ" ಎಂದು ಹನಮವ್ವ ಅವಳನ್ನು ಎಬ್ಬಿಸಿದಳು. ಕೈಯನ್ನು ಸೀರೆಗೆ ಒರೆಸಿಕೊಂಡು, ಅವಳ ಮುಖ ನೀವಾಳಿಸಿ ಲಟಿಗೆ ಮುರಿದಳು. "ಇದರದೇನು ತಪ್ಪು? ಕೂಸಿನಂಥಾದ್ದು." ನನ್ನ ಕಡೆ ತಿರುಗಿಯೂ ನೋಡದೆ ಗದ್ದೆಗಿಳಿದಳು.

ತಂಡ ಊರಿಗೆ ಹೋಯಿತು. ಹೊರಡುವ ಹೊತ್ತಿಗೆ ಮಿಂಜಿ ಕೇಳಿದ್ದೊಂದೇ ಮಾತು: "ಕೂಸಿನ ಕಾಲು?" ನಾನು ನೋಡಿಕೊಳ್ಳುತ್ತೇನೆ ಎಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಎರಡು ಸಲ ವಳಕಮದಿನ್ನಿಗೆ ಹೋದೆ, ಎರಡು ಸಲವೂ ಮನೆಯ ಬಾಗಿಲು ಹಾಕಿತ್ತು. ಬುಧವಾರಗಳು ಕಳೆಯುತ್ತಿದ್ದವು. ಪ್ರತಿ ಬುಧವಾರ ಬೇರೆ ಮಕ್ಕಳಿಗಾಗಿ ಪ್ಲಾಸ್ಟರ್ ಬಟ್ಟೆ ನೀರಿಗೆ ಅದ್ದುವಾಗ ಭಾಗ್ಯಳ ಆ ಮೆತ್ತನೆಯ ಪಾದ ಬಿರುಸಾಗುತ್ತಿದೆಯಲ್ಲ ಎಂದೇ ನೆನಪಾಗುತ್ತಿತ್ತು. ಯಾರಿಗೆ ಹೇಳಲಿ?

ನಾಟಿ ಮುಗಿದ ಮೇಲೆ ಇನ್ನೊಂದು ಸಲ ಹೋದೆ. ಆ ದಿನ ಬಾಗಿಲು ತೆರೆದಿತ್ತು. ಹನಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕ್ಷಮೆ, ಚಿಕಿತ್ಸೆ ಏನನ್ನೂ ಎತ್ತಲಿಲ್ಲ. ನೆಲದ ಮೇಲೆ ಕುಳಿತೆ.

"ಹನಮವ್ವ, ಹಸಿವಾಗೈತಿ. ರೊಟ್ಟಿ ಕೊಡು."

ಅವಳ ಬಡಿಯುವ ಕೈ ನಿಂತಿತು. ಹಸಿವು ಎಂದವರಿಗೆ ಇಲ್ಲ ಎನ್ನುವ ಮನೆ ನಮ್ಮ ಕಡೆ ಇಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದು ಹಸಿ ಉಳ್ಳಾಗಡ್ಡಿ ಬಂತು. ಉಂಡೆ. ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡೆ. ಆಸ್ಪತ್ರೆಗೆ ಇಷ್ಟು ವರ್ಷ ಬಂದವರ ಯಾರ ಮನೆಯಲ್ಲೂ ನಾನು ಹೀಗೆ ಕೇಳಿ ಉಂಡಿರಲಿಲ್ಲ ಎಂಬುದು ಆಗ ಹೊಳೆಯಿತು. ಕೈ ತೊಳೆಯುವಾಗ ಅವಳೇ ಮಾತೆತ್ತಿದಳು.

"ಬುಧವಾರ ಡಾಕ್ಟರು ಇರ್ತಾರೇನ್ರೀ?"

ಅವ್ವ, ಮಗಳು, ಕೂಸು ಮೂವರೂ ಬಂದರು. ಆದರೆ ಮೊದಲಿನ ಪ್ಲಾಸ್ಟರಿನಿಂದ ಮತ್ತೆ ಶುರುಮಾಡಬೇಕಾಯಿತು. ಬಲಗಾಲು ಮಣಿಯಿತು. ಎಡಗಾಲು ಹಟ ಹಿಡಿಯಿತು. ಕೊನೆಗೆ ಅದಕ್ಕೆ ರಾಯಚೂರಿನಲ್ಲಿ ಆಪರೇಷನ್ ಆಯಿತು. ಆ ದಿನ ಹೊರಗೆ ಹನಮವ್ವನ ಪಕ್ಕದಲ್ಲಿ ಕುಳಿತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು ಧೈರ್ಯ ಹೇಳುತ್ತಿದ್ದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು.

ಭಾಗ್ಯ ತಡವಾಗಿ ನಡೆದಳು, ಆದರೆ ನಡೆದಳು. ನಡೆದ ಮೇಲೆ ಹನಮವ್ವ ಅವಳ ಕೈ ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಕಂಕುಳಲ್ಲಿ ಗಂಟಿತ್ತು. ರೋಗಿಗಳೆಲ್ಲ ಕುಳಿತಿದ್ದಂತೆಯೇ ಗಂಟು ಬಿಚ್ಚಿದಳು. ಅದೇ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು. ಖಣ ಮಾತ್ರ ಬೇರೆ, ಕೆಂಪಿನದು.

"ಒಡ್ಡ ಬೇ. ಏನು ನೋಡಾಕತ್ತೀ?" ಎಂದಳು. ಅಕ್ಕಾರ ಹೋಗಿ, ಮನೆಯವರನ್ನು ಕರೆಯುವ ಸಲಿಗೆಯ ಬೇ ಆಗಿದ್ದೆ. ಅದೇ ನನಗೆ ಸಿಕ್ಕ ದೊಡ್ಡ ಮರ್ಯಾದೆ.

ಬಿಳಿ ಕೋಟಿನ ಮೇಲೆ ದುಪಟ್ಟಾ ಒಡ್ಡಿದೆ. ಎರಡೂ ಕೈಯಿಂದ, ನಡು ಬಗ್ಗಿಸಿ, ಮಿಂಜಿ ನಿಂತ ಹಾಗೆ. ಉಡಿ ತುಂಬಿದ ಮೇಲೆ ನಮ್ಮವ್ವ ಮಾಡುತ್ತಿದ್ದಂತೆ ನಾಲ್ಕು ಕಾಳು ತೆಗೆದು ಅವಳ ಬಟ್ಟೆಗೆ ತಿರುಗಿ ಹಾಕಿದೆ.

"ಹಾಂ, ತಿರುಗಿ ಕೊಡೂದಂದ್ರ ಇಷ್ಟ" ಎಂದು ಹನಮವ್ವ ನಕ್ಕಳು.

ಈಗ ಹೊಸದಾಗಿ ಕೆಲಸಕ್ಕೆ ಸೇರುವವರನ್ನು ಹಳ್ಳಿಗೆ ಕರೆದೊಯ್ಯುವಾಗ ನಾನು ಕಲಿಸುವ ಮೊದಲ ಪಾಠ ಪ್ಲಾಸ್ಟರಿನದಲ್ಲ. ಹಳ್ಳಿಯವರು ಏನು ಕೊಟ್ಟರೂ ಮೊದಲು ಕೈಯೊಡ್ಡಬೇಕು, ತೆಗೆದುಕೊಳ್ಳಲು ಬಾರದವನಿಗೆ ಕೊಡುವ ಹಕ್ಕೂ ಇಲ್ಲ ಎನ್ನುತ್ತೇನೆ. ಎರಡು ವಾರಕ್ಕೆಂದು ಬಂದ ಪರದೇಶದ ಹುಡುಗಿ ಅದನ್ನು ಕಲಿತುಕೊಂಡೇ ಬಂದಿದ್ದಳು. ಇದೇ ಮಣ್ಣಿನವಳಾದ ನಾನು ಮರೆತು ಕುಳಿತಿದ್ದೆ.

ಭಾಗ್ಯಳ ಎಡಗಾಲು ಇವತ್ತಿಗೂ ತುಸು ಒಳಕ್ಕೆ ಬೀಳುತ್ತದೆ. ಓಡುವಾಗ ಎದ್ದು ಕಾಣುತ್ತದೆ. "ಇರಲಿ ಬಿಡ, ಅದು ದೇವರು ಕೊಟ್ಟಿದ್ದು" ಎನ್ನುತ್ತಾಳೆ ಹನಮವ್ವ. ದೇವರು ಕೊಟ್ಟಿದ್ದು ಎಷ್ಟು, ನಾನು ಕೊಟ್ಟಿದ್ದು ಎಷ್ಟು ಎಂಬುದು ಆ ಪಾದವನ್ನು ಕೈಯಲ್ಲಿ ಹಿಡಿದ ನನಗೆ ಗೊತ್ತಿದೆ.