ಚಿಗರಿಯ ಬೆನ್ನಿಗೆ ದುರಗವ್ವನ ಚೀಲ

ಮುಂಡರಗಿಯಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ನಿಲ್ದಾಣದ ಪಕ್ಕದ ತಗಡಿನ ಅಂಗಡಿಯಲ್ಲಿ ಐವತ್ತೆಂಟರ ದುರಗವ್ವ ನೆಲದ ಮೇಲೆ ಕುಳಿತು ನಾಯಿಯೊಂದನ್ನು ರಮಿಸುತ್ತಿದ್ದಾರೆ. ಕೈಯಲ್ಲಿ ಜೋಳದ ರೊಟ್ಟಿಯ ಚೂರು. ಚಿಗರಿ ಎಂಬ ಆ ತೆಳ್ಳನೆಯ ಕಂದು ನಾಯಿ, ಕುರಿ ಕಾಯುವ ತನ್ನ ಯಜಮಾನ ಫಕೀರೇಶನ ಕಾಲ ಹಿಂದೆ ಅವಿತು ಗುರುಗುಟ್ಟುತ್ತಿದೆ.

"ಆಕಿ ಸಿಟ್ಟು ಖರೇನ ಐತ್ರಿ. ಗಾಯ ಮಾಡಿದಾಕಿ ನಾನ," ಎನ್ನುತ್ತಾರೆ ದುರಗವ್ವ.

ಮೂವತ್ತು ವರ್ಷಗಳಿಂದ ಅವರು ಎತ್ತಿನ ಬೆನ್ನಿಗೆ ಹೊದಿಸುವ ಜೂಲು, ಕತ್ತೆಗೆ ಹೇರುವ ಚೀಲ ಹೊಲಿಯುತ್ತಿದ್ದಾರೆ. ಗಂಡ ತೀರಿಕೊಂಡಾಗ ಕೈಹಿಡಿದದ್ದು ದಬ್ಬಣವೇ. ಆಗ ದಿನಕ್ಕೆರಡು ಜೂಲು ಹೋಗುತ್ತಿದ್ದವು. ಟ್ರ್ಯಾಕ್ಟರು ಬಂದ ಮೇಲೆ ವಾರಕ್ಕೊಂದು ಹೋದರೆ ಹೆಚ್ಚು. ಹಮ್ಮಿಗಿಯಂಥ ಹಳ್ಳಿಗಳಿಂದ ಯಾರೂ ಎತ್ತು ಹೊಡೆದುಕೊಂಡು ಅಂಗಡಿಗೆ ಬರುವುದಿಲ್ಲ. ಮನೆಯಲ್ಲೇ ದಾರ ಹಿಡಿದು, ಅಳತೆಗೆ ಗಂಟು ಹಾಕಿ ತರುತ್ತಾರೆ.

ಫಕೀರೇಶನೂ ಹಾಗೇ ದಾರ ತಂದ. ಕಪ್ಪತಗುಡ್ಡದ ಬದಿಗೆ ಹೋಗುವಾಗ ಕುರಿಮರಿಗಳ ಔಷಧಿ, ಸಣ್ಣ ನೀರಿನ ಬಾಟಲಿ ನಾಯಿಯೇ ಹೊರಲಿ ಎಂಬುದು ಅವನ ಆಸೆ. ಆದರೆ ಪುಣ್ಯಾತ್ಮ ಅಳತೆ ತೆಗೆದದ್ದು ಚಿಗರಿ ಮಲಗಿದ್ದಾಗ! ನಾಯಿ ನಿಂತಿತ್ತೋ ಮಲಗಿತ್ತೋ ಎಂದು ದುರಗವ್ವನೂ ಕೇಳಲಿಲ್ಲ. ಚೀಲ ಸೊಂಟದ ಕಡೆ ಜಾರಿತು, ಪಟ್ಟಿ ಮುಂಗಾಲಿನ ಬಗಲನ್ನು ಉಜ್ಜಿ ಗಾಯ ಮಾಡಿತು. ರೊಟ್ಟಿಗಾಗಿ ಓಡಿ ಬರುತ್ತಿದ್ದ ನಾಯಿ ಅಂಗಡಿ ಕಂಡರೆ ಹೆದರತೊಡಗಿತು.

"ಅವತ್ತ ನನಗ ರೊಟ್ಟಿ ಗಂಟಲದಾಗ ಇಳೀಲಿಲ್ರಿ," ಎನ್ನುವಾಗ ಅವರ ಕಣ್ಣು ತುಂಬುತ್ತದೆ.

ಗಾಯ ಮಾಯ್ದಿದೆ. ಚಿಗರಿಯನ್ನೇ ನಿಲ್ಲಿಸಿ, ದೂರದಿಂದ ಕಣ್ಣಳತೆ ತೆಗೆದು ಹೊಸ ಚೀಲ ಹೊಲಿದಿದ್ದಾರೆ. ಇಂದು ಚಿಗರಿ ಮುಟ್ಟಗೊಡದಿದ್ದರೆ ಇನ್ನು ನಾಯಿಗೆ ಹೊಲಿಯುವುದೇ ಇಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದಾರೆ.

"ಹಿಡಕೊಳ್ಳಲೇನ ಯವ್ವಾ?" ಫಕೀರೇಶನಿಗೆ ಅವಸರ.

"ಬ್ಯಾಡಪಾ. ತಾನ ಬರ್ಲಿ."

ಅರ್ಧ ತಾಸಿನ ಬಳಿಕ ಚಿಗರಿ ಹತ್ತಿರ ಬಂದು ರೊಟ್ಟಿ ಮೂಸುತ್ತದೆ, ತಿನ್ನುತ್ತದೆ, ಅಲ್ಲೇ ನಿಲ್ಲುತ್ತದೆ. ದುರಗವ್ವ ಖಾಲಿ ಚೀಲವನ್ನು ಹೆಗಲಿನ ಹತ್ತಿರ ಕೂರಿಸಿ, ಪಟ್ಟಿಯಡಿ ಎರಡು ಬೆರಳು ತೂರಿಸಿ ನೋಡುತ್ತಾರೆ. ಬಗಲಿಗೆ ತಾಗುವಲ್ಲಿ ಹಳೆಯ ಸೀರೆಯ ಮೆತ್ತೆ. ಆಮೇಲೆ ಎರಡೂ ಬದಿಗೆ ಒಂದೊಂದು ಹಿಡಿ ಜೋಳ. ಚಿಗರಿ ಮೈ ಕೊಡವುತ್ತದೆ. ಚೀಲ ಜಾರುವುದಿಲ್ಲ. ನಾಯಿ ಬಾಲವಾಡಿಸುತ್ತ ದುರಗವ್ವನ ಕೆನ್ನೆ ನೆಕ್ಕುತ್ತದೆ.

ಹೊರಟ ಫಕೀರೇಶನನ್ನು ಅವರು ಕೂಗಿ ನಿಲ್ಲಿಸುತ್ತಾರೆ: "ಸಂಜಿಕ ಚೀಲ ಬಿಚ್ಚಿ ಬಗಲಾಗ ಕೈಯಾಡಿಸಿ ನೋಡು. ಕೆಂಪಾಗಿದ್ರ ದಾರ ತರಬ್ಯಾಡ, ಚೀಲಾನೂ ತರಬ್ಯಾಡ. ಆಕಿನ್ನ ಕರಕೊಂಡು ಬಾ."